ಉಳಿಸುವುದೇನು, ಬದಲಿಸುವುದೇನು?

“ಇಷ್ಟು ದುಡ್ಡಿಗೆ ಒಳ್ಳೆಯ ಸೆಕೆಂಡ್ ಹ್ಯಾಂಡ್ ಮಾರುತಿಯೇ ಬರುತ್ತಿತ್ತಲ್ಲ ಮೇಷ್ಟ್ರೇ?” ಕಳೆದ ಕೆಲವು ವರ್ಷಗಳಲ್ಲಿ ಹೊಸದುರ್ಗದ ಬೀದಿಗಳಲ್ಲಿ ನನಗೆ ಅತಿ ಹೆಚ್ಚು ಬಾರಿ ಎದುರಾದ ಪ್ರಶ್ನೆ ಇದು. ಮದುವೆಮನೆಯಲ್ಲಿ ಕೇಳಿದ್ದಾರೆ, ಸಂತೆಯಲ್ಲಿ ಕೇಳಿದ್ದಾರೆ, ಮಠದ ಅಂಗಳದಲ್ಲಿ ಪಾದರಕ್ಷೆ ಬಿಡುವಾಗಲೂ ಕೇಳಿದ್ದಾರೆ. ಕೇಳುವವರಲ್ಲಿ ಕುಹಕವಿಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಬೋಧಿಸಿ ನಿವೃತ್ತನಾದ ಒಬ್ಬ ಮನುಷ್ಯ 1978ರ ಫಿಯಾಟ್ ಕಾರೊಂದನ್ನು ಕೊಂಡು ಹದಿನಾಲ್ಕು ತಿಂಗಳು ಅದರ ಹಿಂದೆ ಅಲೆದನೆಂದರೆ ಹಿತೈಷಿಗಳಿಗೆ ಆತಂಕವಾಗುವುದು ಸಹಜವೇ. ಹಣದ ಲೆಕ್ಕದಲ್ಲಿ ಆ ಪ್ರಶ್ನೆಗೆ ನನ್ನ ಬಳಿ ಉತ್ತರವಿಲ್ಲ. ಆದರೆ ಆ ಹದಿನಾಲ್ಕು ತಿಂಗಳು ನನ್ನ ಮುಂದೆ ಬೇರೊಂದು ಪ್ರಶ್ನೆಯನ್ನು ತಂದಿಟ್ಟವು: ಹಿಂದಿನವರು ಬಳಸಿದ ವಸ್ತುವೊಂದು ನಮ್ಮ ಕೈಗೆ ಬಂದಾಗ ಅದರಲ್ಲಿ ಯಾವುದನ್ನು ಉಳಿಸಬೇಕು, ಯಾವುದನ್ನು ಬದಲಿಸಬೇಕು? ಈ ಪ್ರಶ್ನೆ ಕಾರಿನ ಆಚೆಗೂ ಸಲ್ಲುತ್ತದೆಯೆಂದು ತೋರಿದ್ದರಿಂದ ಓದುಗ ಬಂಧುಗಳೊಡನೆ ಹಂಚಿಕೊಳ್ಳುತ್ತಿದ್ದೇನೆ.

ನಮ್ಮ ಕಡೆ ಎಲ್ಲರೂ ‘ಫಿಯಾಟ್’ ಎಂದೇ ಕರೆಯುವ ಈ ಕಾರಿನ ನಿಜವಾದ ಹೆಸರು ಪ್ರೀಮಿಯರ್ ಪದ್ಮಿನಿ. ಇಟಲಿಯ ಫಿಯಾಟ್ ಕಂಪನಿಯ 1100 ಎಂಬ ಮಾದರಿಯನ್ನು ಮುಂಬಯಿಯ ಕುರ್ಲಾದಲ್ಲಿದ್ದ ಪ್ರೀಮಿಯರ್ ಆಟೋಮೊಬೈಲ್ಸ್ ಕಾರ್ಖಾನೆಯು 1950ರ ದಶಕದಿಂದ ಇಲ್ಲಿಯೇ ತಯಾರಿಸುತ್ತಿತ್ತು. 1970ರ ದಶಕದಲ್ಲಿ ಅದಕ್ಕೆ ಪದ್ಮಿನಿ ಎಂಬ ಹೆಸರು ಬಂದಿತು. ನಾಲ್ಕು ಸಿಲಿಂಡರಿನ, 1089 ಸಿಸಿಯ ಪುಟ್ಟ ಪೆಟ್ರೋಲ್ ಇಂಜಿನ್, ಸುಮಾರು ನಲವತ್ತು ಅಶ್ವಶಕ್ತಿ, ಸ್ಟೀರಿಂಗಿನ ಕಂಬದ ಮೇಲೆಯೇ ಗಿಯರ್ ಹಿಡಿ. ಆ ಕಾಲದಲ್ಲಿ ದೇಶದಲ್ಲಿ ತಯಾರಾಗುತ್ತಿದ್ದ ಕಾರುಗಳೆಂದರೆ ಮುಖ್ಯವಾಗಿ ಅಂಬಾಸಿಡರ್, ಫಿಯಾಟ್ ಮತ್ತು ಸ್ಟ್ಯಾಂಡರ್ಡ್ ಮಾತ್ರ. ಮುಂಗಡ ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. 1983ರ ಕೊನೆಗೆ ಮಾರುತಿ ಬಂದ ಮೇಲೆ ಆ ಕಾಯುವಿಕೆ ಕ್ರಮೇಣ ಮುಗಿಯಿತು, ಅದರೊಂದಿಗೆ ಫಿಯಾಟಿನ ಕಾಲವೂ ಮುಗಿಯುತ್ತ ಬಂದಿತು.

ಈ ಕಾರಿನ ಹಿಂದೆ ನಮ್ಮ ನಾಡಿಗೆ ಸೇರಿದ, ಕೈಗೂಡದ ಕನಸೂ ಒಂದಿದೆ. ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ಯುರೋಪು, ಅಮೆರಿಕಗಳ ಮೋಟಾರು ಕಾರ್ಖಾನೆಗಳನ್ನು ಕಣ್ಣಾರೆ ಕಂಡು ಬಂದು, ಭಾರತದಲ್ಲಿಯೂ ಅಂಥದೊಂದನ್ನು ಸ್ಥಾಪಿಸಲು ಯೋಜನೆ ಸಿದ್ಧಪಡಿಸಿದ್ದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಆ ಕಾರ್ಯಕ್ಕೆ ಕೈಜೋಡಿಸಿದರು. ಅದನ್ನು ಮೈಸೂರು ಸಂಸ್ಥಾನದಲ್ಲಿ ನೆಲೆಗೊಳಿಸುವ ಪ್ರಯತ್ನವೂ ನಡೆಯಿತು. ಬ್ರಿಟಿಷ್ ಸರ್ಕಾರದ ಸಹಕಾರ ದೊರೆಯದೆ ಅದು ನಿಂತುಹೋಯಿತು. ಕೊನೆಗೆ ವಾಲ್‌ಚಂದರು 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಕಂಪನಿಯನ್ನು ಆರಂಭಿಸಿದರು. ಕನ್ನಡದ ನೆಲದಲ್ಲಿ ಮೊಳೆಯಬೇಕಿದ್ದ ಬೀಜ ಅರಬ್ಬೀ ಸಮುದ್ರದ ದಡದಲ್ಲಿ ಗಿಡವಾಯಿತು. ಹೊಳಲ್ಕೆರೆಯ ಒಂದು ಹಿತ್ತಲಿನಲ್ಲಿ ಧೂಳು ಮುಸುಕಿ ನಿಂತಿದ್ದ ಕಾರನ್ನು ಮೊದಲು ಕಂಡಾಗ ನನಗೆ ನೆನಪಾದದ್ದು ಈ ಕಥೆಯೇ.

ಆ ಹಿತ್ತಲು ಒಬ್ಬ ಅಡಿಕೆ ವ್ಯಾಪಾರಿಗಳದು. ಅವರು ಲಿಂಗೈಕ್ಯರಾಗಿ ಹಲವು ವರ್ಷಗಳಾಗಿದ್ದವು. ಮಕ್ಕಳು ಹೊರಗೆ ನೆಲೆಸಿದ್ದರು. ಮನೆಯಲ್ಲಿ ಇದ್ದವರು ಅವರ ಪತ್ನಿ, ಎಂಬತ್ತರ ಅಂಚಿನ ತಾಯಿ. ಗುಜರಿಯವನಿಗೆ ಕಾರನ್ನು ತೂಕದ ಲೆಕ್ಕದಲ್ಲಿ ಕೊಡುವುದೆಂದು ಮಕ್ಕಳು ತೀರ್ಮಾನಿಸಿದ್ದರು, ತಾಯಿ ಒಪ್ಪಿರಲಿಲ್ಲ. ನಾನು ಬೆಲೆ ಕೇಳಿದಾಗ ಅವರು ಬೆಲೆಯ ಮಾತೇ ಎತ್ತದೆ, “ನೀವು ಓಡ್ಸೋದಾದ್ರೆ ತಗಳ್ಳಿ ಮೇಷ್ಟ್ರೇ. ಅಂದಕ್ಕೆ ಮನೆ ಮುಂದೆ ನಿಲ್ಸೋದಾದ್ರೆ ಬ್ಯಾಡ. ನಿಂತೇ ಹಾಳಾತು ಇದು” ಎಂದರು. ಓಡಿಸುತ್ತೇನೆಂದು ಮಾತು ಕೊಟ್ಟೆ. ಅರವತ್ತು ಸಾವಿರ ರೂಪಾಯಿಗೆ ಮಾತು ಮುಗಿಯಿತು. ಕೊಟ್ಟ ಹಣಕ್ಕಿಂತ ಕೊಟ್ಟ ಮಾತೇ ಮುಂದೆ ಹೆಚ್ಚು ಭಾರವಾಯಿತು. ಅಲಂಕಾರಕ್ಕೆಂದು ಕೊಂಡಿದ್ದರೆ ಬಣ್ಣ ಬಳಿದು ನಿಲ್ಲಿಸಬಹುದಿತ್ತು. ಓಡಿಸಬೇಕೆಂದರೆ ಅದರಲ್ಲಿ ಕುಳಿತವರ ಪ್ರಾಣ, ಎದುರಿಗೆ ಬರುವವರ ಪ್ರಾಣ ಎರಡಕ್ಕೂ ಉತ್ತರವಾದಿಯಾಗಬೇಕು.

ಇಂಥ ಕೊಳ್ಳುವಿಕೆಯಲ್ಲಿ ತೊಡಗುವವರಿಗಾಗಿ ಕಾಗದಪತ್ರದ ಎರಡು ಮಾತು. ಮಾಲೀಕರು ತೀರಿಕೊಂಡಿದ್ದರೆ ವಾಹನವನ್ನು ನೇರವಾಗಿ ಕೊಳ್ಳಲು ಬರುವುದಿಲ್ಲ. ಮೊದಲು ವಾರಸುದಾರರು ನಮೂನೆ 31ರ ಮೂಲಕ ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು, ಆಮೇಲೆ ನಮೂನೆ 29 ಮತ್ತು 30ರ ಮೂಲಕ ನಮಗೆ ವರ್ಗಾಯಿಸಬೇಕು. ಹದಿನೈದು ವರ್ಷ ದಾಟಿದ ಖಾಸಗಿ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ ನವೀಕರಿಸಬೇಕು. ಅದರ ಶುಲ್ಕ 2022ರ ಏಪ್ರಿಲ್‌ನಿಂದ 600 ರೂಪಾಯಿಯಿಂದ 5,000ಕ್ಕೆ ಏರಿತು. 2025ರ ಆಗಸ್ಟ್‌ನಲ್ಲಿ ಇಪ್ಪತ್ತು ವರ್ಷ ಮೀರಿದ ಕಾರುಗಳಿಗೆ 10,000 ರೂಪಾಯಿಯೆಂದು ನಿಗದಿಯಾಯಿತು. ಆರ್‌ಸಿ ಪುಸ್ತಕದಲ್ಲಿರುವ ಚಾಸಿ ಮತ್ತು ಇಂಜಿನ್ ಸಂಖ್ಯೆಗಳು ವಾಹನದ ಮೇಲೆ ಕೊರೆದ ಸಂಖ್ಯೆಗಳಿಗೆ ತಾಳೆಯಾಗುತ್ತವೆಯೇ ಎಂಬುದನ್ನು ಹಣ ಕೊಡುವ ಮುನ್ನವೇ ನೋಡಿಕೊಳ್ಳುವುದು ಕ್ಷೇಮ.

ಕಾರನ್ನು ಎಳೆಸಿಕೊಂಡು ಚಿತ್ರದುರ್ಗಕ್ಕೆ ಒಯ್ದೆ. ಅಲ್ಲಿ ಐವತ್ತು ವರ್ಷಗಳಿಂದ ಫಿಯಾಟು, ಅಂಬಾಸಿಡರುಗಳನ್ನೇ ಬಿಚ್ಚಿ ಕಟ್ಟಿದ ಮೇಸ್ತ್ರಿ ಸಾಹೇಬರೊಬ್ಬರಿದ್ದಾರೆ. ಎಪ್ಪತ್ತು ದಾಟಿದ ಅವರು ಬಾನೆಟ್ ತೆರೆಯುವುದಕ್ಕೂ ಮೊದಲು ಜೇಬಿನಿಂದ ಒಂದು ಸಣ್ಣ ಅಯಸ್ಕಾಂತವನ್ನು ತೆಗೆದು ಕಾರಿನ ಮೈಮೇಲೆಲ್ಲ ಇಡುತ್ತ ಹೋದರು. ಬಾಗಿಲಿನ ಮೇಲ್ಭಾಗದಲ್ಲಿ ಅದು ಅಂಟಿಕೊಂಡಿತು, ಕೆಳಭಾಗದಲ್ಲಿ ಜಾರಿಬಿದ್ದಿತು. ಜಾರಿದ ಕಡೆಯಲ್ಲೆಲ್ಲ ಬಣ್ಣದ ಕೆಳಗೆ ತಗಡಿರಲಿಲ್ಲ, ದಪ್ಪನಾದ ಪುಟ್ಟಿ ಇತ್ತು. ಬಾಗಿಲಿನೊಳಗೆ ಇಳಿದ ಮಳೆನೀರು ಹರಿದುಹೋಗಲೆಂದು ಕೆಳಗೆ ಸಣ್ಣ ರಂಧ್ರಗಳಿರುತ್ತವೆ. ಅವು ಮಣ್ಣಿನಿಂದ ಮುಚ್ಚಿಹೋದರೆ ನೀರು ಒಳಗೇ ನಿಂತು ತಗಡು ಒಳಗಿನಿಂದ ಹೊರಕ್ಕೆ ತುಕ್ಕು ಹಿಡಿಯುತ್ತದೆ. ಹೊರಗೆ ಕಾಣುವ ವೇಳೆಗೆ ಒಳಗೆ ಮುಗಿದಿರುತ್ತದೆ. ಹೊರಗಿನ ಹೊಳಪನ್ನು ನಂಬದೆ ಒಳಗಿನ ಗಟ್ಟಿತನವನ್ನು ಪರೀಕ್ಷಿಸಿಕೊಳ್ಳಬೇಕೆಂಬ ಮಾತನ್ನು ಪ್ರವಚನಗಳಲ್ಲಿ ನಾವೆಲ್ಲ ಕೇಳುತ್ತಲೇ ಬಂದಿದ್ದೇವೆ. ಸಾಹೇಬರು ಒಂದು ಮಾತನ್ನೂ ಆಡದೆ ಅದನ್ನು ಮಾಡಿ ತೋರಿಸಿದರು.

ಬೆಂಗಳೂರಿನಲ್ಲಿರುವ ನನ್ನ ಮಗನ ಸಲಹೆ ಬೇರೆಯಿತ್ತು. ಹಳೆಯ ಇಂಜಿನ್ನನ್ನು ರಿಪೇರಿ ಮಾಡಿಸುವ ಬದಲು ಇತ್ತೀಚಿನ ಕಾರೊಂದರ ಇಂಜಿನ್ ಕೂರಿಸಿದರೆ ವೇಗವೂ ಹೆಚ್ಚು, ಮೈಲೇಜೂ ಹೆಚ್ಚು, ಬಿಡಿಭಾಗಗಳ ಚಿಂತೆಯೂ ಇಲ್ಲ ಎಂದು ಆತ ಹೇಳಿದ. ಹಾಗೆ ಮಾಡಿಸಿಕೊಂಡವರು ಅನೇಕರಿದ್ದಾರೆ. ನಾನು ಇದನ್ನು ಸಾಹೇಬರ ಮುಂದಿಟ್ಟಾಗ ಅವರು ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಟ್ಟರು. “ಆ ಇಂಜಿನ್ ಕೂರ್ಸೋಕೆ ಮುಂದಿನ ಮೈ ಕೊಯ್ಬೇಕು ಮೇಷ್ಟ್ರೇ. ಲಾರಿ ತರ ಇದಕ್ಕೆ ಬೇರೆ ಚಾಸಿ ಇಲ್ಲ, ಮೈಯೇ ಚಾಸಿ. ಕೊಯ್ದ್ ಮೇಲೆ ಬಲ ಎಲ್ಲಿಂದ ಬರ್ತದೆ? ಇಂಜಿನ್ ಹೋದ್ಮೇಲೆ ಇದನ್ನ ಫಿಯಾಟ್ ಅನ್ನೋದಾದ್ರೂ ಹೆಂಗೆ?” ಎಂದರು. ಅವರು ಹೇಳಿದ್ದರಲ್ಲಿ ವಿಜ್ಞಾನವೂ ಇತ್ತು. ವೇಗ ಎರಡು ಪಟ್ಟಾದರೆ ಚಲನಶಕ್ತಿ ನಾಲ್ಕು ಪಟ್ಟಾಗುತ್ತದೆಂದು ನಾನೇ ಮಕ್ಕಳಿಗೆ ಪಾಠ ಮಾಡಿದವನು. ನಲವತ್ತು ಅಶ್ವಶಕ್ತಿಗೆ ತಕ್ಕಂತೆ ರೂಪಿಸಿದ ಡ್ರಮ್ ಬ್ರೇಕುಗಳಿಗೆ ಅದರ ಇಮ್ಮಡಿ ಶಕ್ತಿಯ ಇಂಜಿನ್ನನ್ನು ಒಪ್ಪಿಸಿದರೆ ನಿಲ್ಲಿಸುವವರು ಯಾರು? ಶಕ್ತಿಯನ್ನು ಹೆಚ್ಚಿಸಿಕೊಳ್ಳುವ ಮೊದಲು ಅದನ್ನು ತಡೆದು ನಿಲ್ಲಿಸುವ ಸಾಮರ್ಥ್ಯ ನಮ್ಮಲ್ಲಿದೆಯೇ ಎಂದು ಕೇಳಿಕೊಳ್ಳುವುದು ಯಂತ್ರಕ್ಕೂ ಮನಸ್ಸಿಗೂ ಸಮಾನವಾದ ನೀತಿ.

ಕಾನೂನಿನ ಮಾತೂ ಇದಕ್ಕೆ ಹತ್ತಿರದಲ್ಲಿಯೇ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ನಿರ್ದಿಷ್ಟಪಡಿಸಿದ ಮೂಲ ವಿವರಗಳಿಗಿಂತ ಆರ್‌ಸಿಯ ವಿವರಗಳು ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಖಚಿತವಾಗಿ ಎತ್ತಿಹಿಡಿಯಿತು. ಇಂಜಿನ್ ತೀರ ಕೆಟ್ಟರೆ ಅನುಮತಿ ಪಡೆದು ಅದೇ ತಯಾರಕರ, ಅದೇ ಬಗೆಯ ಇಂಜಿನ್ ಹಾಕಬಹುದು. ಬಣ್ಣ ಬದಲಿಸಿದರೆ ಅದನ್ನೂ ಆರ್‌ಸಿಯಲ್ಲಿ ನಮೂದಿಸಬೇಕು. ಕಾನೂನನ್ನು ಓದಿಕೊಂಡ ಮೇಲೆ ಮಗನೂ ಪಟ್ಟು ಬಿಟ್ಟ. ಹಳೆಯ ಇಂಜಿನ್ನೇ ಉಳಿಯಿತು. ಅದನ್ನು ಪೂರ್ತಿ ಬಿಚ್ಚಿ, ಸಿಲಿಂಡರುಗಳನ್ನು ಲೇತಿನಲ್ಲಿ ಬೋರಿಂಗ್ ಮಾಡಿಸಿ, ಒಂದು ಅಳತೆ ದೊಡ್ಡ ಪಿಸ್ಟನ್ನುಗಳನ್ನು ಕೂರಿಸಲಾಯಿತು. ಕೆಲವು ಭಾಗಗಳು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ದೊರೆತವು, ಕೆಲವು ಮುಂಬಯಿಯಿಂದ ಬಂದವು. ಮುಂಬಯಿಯಲ್ಲಿ ದಶಕಗಳ ಕಾಲ ಕಪ್ಪು-ಹಳದಿ ಟ್ಯಾಕ್ಸಿಗಳಾಗಿ ಓಡಿದ್ದು ಪದ್ಮಿನಿಗಳೇ. ಕೊನೆಯ ಪದ್ಮಿನಿ ಟ್ಯಾಕ್ಸಿ ಅಲ್ಲಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ಟ್ಯಾಕ್ಸಿಗಳಿಗೆ ಇಪ್ಪತ್ತು ವರ್ಷದ ಮಿತಿಯಿದ್ದುದರಿಂದ 2023ರ ಅಕ್ಟೋಬರ್ ಕೊನೆಗೆ ಅವು ರಸ್ತೆಯಿಂದ ಮರೆಯಾದವು. ನನ್ನ ಕಾರಿನ ಕೆಲಸ ಆರಂಭವಾದದ್ದೂ ಅದೇ ತಿಂಗಳು.

ಹಾಗೆಂದು ಏನನ್ನೂ ಬದಲಿಸಲೇ ಇಲ್ಲವೆಂದಲ್ಲ. ಇಂಜಿನ್ ಓಡುವ ಮೊದಲೇ ಬ್ರೇಕಿನ ಕೆಲಸ ಮುಗಿಯಬೇಕೆಂಬುದು ಸಾಹೇಬರ ಕಟ್ಟಳೆ. ಮಾಸ್ಟರ್ ಸಿಲಿಂಡರು, ಚಕ್ರಗಳ ಸಿಲಿಂಡರುಗಳು, ರಬ್ಬರ್ ಕಪ್ಪುಗಳು, ಎಣ್ಣೆಯ ಕೊಳವೆಗಳು ಎಲ್ಲವೂ ಹೊಸದಾದವು. ಪಾಸ್ಕಲನ ನಿಯಮವನ್ನು ಕಪ್ಪುಹಲಗೆಯ ಮೇಲೆ ನೂರಾರು ಸಲ ಬರೆದಿದ್ದೆ. ಕಾಲಿನ ಒಂದು ಒತ್ತು ಎಣ್ಣೆಯ ಮೂಲಕ ನಾಲ್ಕೂ ಚಕ್ರಕ್ಕೆ ತಲುಪುವುದನ್ನು ಕೈಯಿಂದ ಮುಟ್ಟಿ ತಿಳಿದದ್ದು ಆಗಲೇ. ಹಳೆಯ ಡೈನಮೋ ಇಂಜಿನ್ ನಿಧಾನವಾಗಿ ತಿರುಗುವಾಗ ಸಾಕಷ್ಟು ವಿದ್ಯುತ್ತನ್ನು ಕೊಡದು, ರಾತ್ರಿ ಊರಿನೊಳಗೆ ದೀಪಗಳು ಮಂಕಾಗುತ್ತವೆ. ಅದರ ಸ್ಥಾನಕ್ಕೆ ಆಲ್ಟರ್ನೇಟರ್ ಬಂದಿತು. ಒಣಗಿ ಬಿರುಕು ಬಿಟ್ಟ ವೈರುಗಳನ್ನು ತೆಗೆದು ಪ್ರತಿಯೊಂದು ದೀಪಕ್ಕೂ ಫ್ಯೂಸಿನ ರಕ್ಷಣೆ ಕೊಡಲಾಯಿತು. ಮುಂದಿನ ಸೀಟುಗಳಿಗೆ ಬೆಲ್ಟ್ ಕಡ್ಡಾಯವಾದದ್ದು 1994ರ ನಂತರ ತಯಾರಾದ ಕಾರುಗಳಿಗೆ ಮಾತ್ರ. 1978ರ ಕಾರಿಗೆ ಕಾನೂನು ಕೇಳದಿದ್ದರೂ ತಗಡಿಗೆ ಒಳಗಿನಿಂದ ದಪ್ಪ ಪಟ್ಟಿ ಕೊಟ್ಟು ಬೆಲ್ಟುಗಳನ್ನು ಹಾಕಿಸಿದೆ. ಮೊಮ್ಮಗಳನ್ನು ಕೂರಿಸಿಕೊಂಡು ಹೋಗುವವನಿಗೆ ಕಾನೂನಿನ ವಿನಾಯಿತಿ ಯಾವ ಸಮಾಧಾನ ಕೊಟ್ಟೀತು?

ಇಂಧನದ ವಿಷಯವೂ ಹಾಗೆಯೇ. ಈ ಇಂಜಿನ್ನುಗಳು ಹುಟ್ಟಿದ್ದು ಸೀಸ ಬೆರೆತ ಪೆಟ್ರೋಲಿನ ಕಾಲದಲ್ಲಿ. ಆ ಸೀಸ ಮನುಷ್ಯನಿಗೆ ವಿಷ, ವಾಲ್ವಿನ ಪೀಠಕ್ಕೆ ಮಾತ್ರ ಸವೆಯದಂತೆ ಕಾಯುವ ಲೇಪ. 2000ದ ಫೆಬ್ರವರಿಯಿಂದ ದೇಶದಲ್ಲೆಲ್ಲ ಸೀಸರಹಿತ ಪೆಟ್ರೋಲೇ ಬಂದಿತು. ಈಗ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥೆನಾಲ್ ಬೆರೆಯುತ್ತಿದೆ. ಅದು ಹಳೆಯ ರಬ್ಬರನ್ನು ಮೆತ್ತಗಾಗಿಸಿ ಉಬ್ಬಿಸುತ್ತದೆ. ಆದ್ದರಿಂದ ಗಟ್ಟಿ ಲೋಹದ ವಾಲ್ವ್ ಪೀಠಗಳನ್ನು, ಎಥೆನಾಲ್ ತಾಳುವ ಕೊಳವೆಗಳನ್ನು ಮತ್ತು ಪೆಟ್ರೋಲ್ ಪಂಪಿನ ಹೊಸ ಪೊರೆಯನ್ನು ಹಾಕಿಸಬೇಕಾಯಿತು. ಕಾಲದೊಡನೆ ಆಹಾರ ಬದಲಾದಾಗ ಹೊಟ್ಟೆಯೂ ಅದಕ್ಕೆ ಹೊಂದಿಕೊಳ್ಳಬೇಕು. ಇಂಥ ಬದಲಾವಣೆಯನ್ನು ನಿರಾಕರಿಸಿ ‘ಮೂಲರೂಪ’ವನ್ನು ಕಾಪಾಡುತ್ತೇನೆನ್ನುವುದು ಹಿರಿಯರ ಮೇಲಿನ ಪ್ರೀತಿಯಿಂದ ಅವರಿಗೆ ಔಷಧ ಕೊಡದೆ ಇದ್ದಂತೆ.

ಇಂಜಿನ್ ಚಿತ್ರದುರ್ಗದಲ್ಲಿರುವಾಗಲೇ ಕಾರಿನ ಮೈಯನ್ನು ಸಣ್ಣ ಲಾರಿಯಲ್ಲಿ ಹಿರಿಯೂರಿಗೆ ಕಳಿಸಿದೆವು. ಹೆದ್ದಾರಿಯ ಲಾರಿಗಳಿಗೆ ತಗಡಿನ ಕೆಲಸ ಮಾಡಿ ಪಳಗಿದ ಕೈಗಳು ಅಲ್ಲಿವೆ. ಪುಟ್ಟಿಯನ್ನೆಲ್ಲ ಕೆರೆದು, ತುಕ್ಕು ತಿಂದ ಭಾಗವನ್ನು ಕತ್ತರಿಸಿ, ಹೊಸ ತಗಡನ್ನು ಅಳತೆಗೆ ಬಾಗಿಸಿ ಬೆಸುಗೆ ಹಾಕಿದರು. ಸಾಹೇಬರ ಬಳಿ ಐಟಿಐ ಓದಿದ ಹುಡುಗನೊಬ್ಬ ಕೆಲಸ ಕಲಿಯಲು ಬರುತ್ತಿದ್ದ. ಕಂಪ್ಯೂಟರಿಗೆ ಜೋಡಿಸಿ ದೋಷ ಕಂಡುಹಿಡಿಯುವ ವಿದ್ಯೆ ಅವನಿಗೆ ಗೊತ್ತಿತ್ತು, ಜೋಡಿಸಲು ಜಾಗವೇ ಇಲ್ಲದ ಇಂಜಿನ್ ಅವನಿಗೆ ಹೊಸದು. ಸಾಹೇಬರ ಕಣ್ಣಿಗೆ ಪೊರೆ ಬಂದಿತ್ತು. ಅವರು ಇಂಜಿನ್ನಿನ ಸದ್ದನ್ನು ಕಿವಿಯಿಂದಲೇ ಅಳೆದು ಹೇಳುತ್ತಿದ್ದರು, ಹುಡುಗ ಪಾಯಿಂಟನ್ನು ಕೂದಲೆಳೆಯಷ್ಟು ಸರಿಸುತ್ತಿದ್ದ. ಒಬ್ಬರ ಕಿವಿ, ಇನ್ನೊಬ್ಬರ ಕಣ್ಣು ಕೂಡಿ ಒಂದು ವಿದ್ಯೆ ಕೈಯಿಂದ ಕೈಗೆ ದಾಟುತ್ತಿರುವುದನ್ನು ನಾನು ಸ್ಟೂಲಿನ ಮೇಲೆ ಕುಳಿತು ನೋಡುತ್ತಿದ್ದೆ. ಇಷ್ಟು ವರ್ಷ ಪಾಠ ಹೇಳಿದವನಿಗೆ ಇದಕ್ಕಿಂತ ಒಳ್ಳೆಯ ತರಗತಿ ಕಂಡ ನೆನಪಿಲ್ಲ.

ಆ ನಡುವೆ ಮಗನೂ ನಾನೂ ಕೂಡಿ ಒಂದು ಪಟ್ಟಿ ಮಾಡಿದ್ದೆವು. ಎಸಿ, ಅಲಾಯ್ ಚಕ್ರಗಳು, ಗುಂಡಿ ಒತ್ತಿದರೆ ಇಳಿಯುವ ಗಾಜು, ದೊಡ್ಡ ಸ್ಪೀಕರುಗಳು, ಕೆಂಪು ಬಣ್ಣ. ನನ್ನ ಮನೆಯವರು ಅದನ್ನು ಓದಿ, “ಇದರಲ್ಲಿ ಕಾರು ಕೇಳಿದ್ದು ಯಾವುದು, ನೀವು ಕೇಳಿದ್ದು ಯಾವುದು?” ಎಂದು ಕೇಳಿ ಪಟ್ಟಿಯನ್ನು ಕೈಗಿತ್ತು ಒಳಗೆ ಹೋದರು. ಆಯ್ದಕ್ಕಿ ಮಾರಯ್ಯ-ಲಕ್ಕಮ್ಮ ದಂಪತಿಗಳ ಪ್ರಸಂಗ ಈ ಪುಟಗಳ ಓದುಗರಿಗೆ ಹೊಸದಲ್ಲ. ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಮಾರಯ್ಯನು ಆಯ್ದು ತಂದಾಗ, ಹೆಚ್ಚಿನದನ್ನು ತಂದ ಜಾಗದಲ್ಲಿಯೇ ಸುರಿದು ಬರುವಂತೆ ಹೇಳಿದವಳು ಲಕ್ಕಮ್ಮ. ಅಕ್ಕಿ ಪ್ರಾಮಾಣಿಕ ದುಡಿಮೆಯದೇ ಆಗಿತ್ತು. ಆಕೆ ನೋಡಿದ್ದು ಅಕ್ಕಿಯ ಹಿಂದಿದ್ದ ಆಸೆಯನ್ನು. ನನ್ನ ಪಟ್ಟಿಯಲ್ಲಿ ಕಾರು ಕೇಳಿದ್ದು ರೇಡಿಯಲ್ ಟೈರುಗಳನ್ನು ಮಾತ್ರ. ಅವು ಬಂದವು. ಉಳಿದವು ಪಟ್ಟಿಯಲ್ಲಿಯೇ ಉಳಿದವು. ಬಣ್ಣವೂ ಆರ್‌ಸಿಯಲ್ಲಿದ್ದ ಹಳೆಯ ತಿಳಿ ಬೂದು ಬಣ್ಣವೇ ಆಯಿತು. ಒಟ್ಟು ಖರ್ಚು ಎರಡು ಲಕ್ಷದ ಹತ್ತು ಸಾವಿರ ರೂಪಾಯಿ.

2024ರ ಡಿಸೆಂಬರಿನಲ್ಲಿ ತಪಾಸಣೆ ಮುಗಿದು ಕಾರು ರಸ್ತೆಗಿಳಿಯಿತು. ಮುಂದಿನ ತಿಂಗಳು ಮಾರಿಕಣಿವೆಯ ವಾಣಿವಿಲಾಸ ಸಾಗರ ತುಂಬಿ ಕೋಡಿ ಹರಿಯಿತು. 1933ರ ನಂತರ 2022ರಲ್ಲಿ ಒಮ್ಮೆ, ಅದಾದ ಮೇಲೆ ಇದು ಮತ್ತೊಮ್ಮೆ. ಬರದ ನಾಡಿನವರಾದ ನಮಗೆ ಅದು ತೀರ್ಥಯಾತ್ರೆಯೇ ಸರಿ. ಹೊಳಲ್ಕೆರೆಗೆ ಹೋಗಿ ಆ ತಾಯಿಯನ್ನು ಕರೆದೆ. ಅವರು ಹಿಂದಿನ ಸೀಟಿನಲ್ಲಿ ಕಿಟಕಿಯ ಬದಿಗೆ ಕುಳಿತರು. ನಾನು ಹೊಸ ರೆಗ್ಸಿನ್ನನ್ನು, ಬೆಸುಗೆ ಹಾಕಿದ ಬಾಗಿಲನ್ನು ತೋರಿಸಬೇಕೆಂದಿದ್ದೆ. ಅವರು ಅದೊಂದನ್ನೂ ಗಮನಿಸಲಿಲ್ಲ. ಇಂಜಿನ್ ಚಾಲೂ ಆಗಿ ಎರಡನೆಯ ಗಿಯರಿಗೆ ಬಂದಾಗ, “ಸಪ್ಪಳ ಅದೇ ಐತೆ” ಎಂದರು. ಕಣಿವೆ ಬರುವವರೆಗೆ ಮತ್ತೆ ಮಾತನಾಡಲಿಲ್ಲ. ಇಂಜಿನ್ ಬದಲಿಸಿದ್ದರೆ ಆ ತಾಯಿಗೆ ನಾನು ತಲುಪಿಸುತ್ತಿದ್ದುದು ಬೇರೊಂದು ಕಾರನ್ನೇ.

2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು. ಚಾಸಿ, ಮೈ, ಇಂಜಿನ್ನುಗಳಲ್ಲಿ ಗಣನೀಯ ಮಾರ್ಪಾಡಾಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಹತ್ತು ವರ್ಷದ ಅವಧಿ, ಸಂಖ್ಯೆಯಲ್ಲಿ ‘ವಿಎ’ ಎಂಬ ಗುರುತು. ಆದರೆ ಅಂಥ ವಾಹನವನ್ನು ಪ್ರದರ್ಶನ, ರ್‍ಯಾಲಿಗಳಂಥ ಸಂದರ್ಭಗಳಲ್ಲಿ ಮಾತ್ರ ರಸ್ತೆಗೆ ತರಬಹುದು, ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ನನ್ನ ಕಾರಿಗೆ 2028ರಲ್ಲಿ ಐವತ್ತು ತುಂಬುತ್ತದೆ. ಅರ್ಜಿ ಹಾಕುವಿರಾ ಎಂದು ಕೆಲವರು ಕೇಳುತ್ತಾರೆ. ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ದಶಕಗಳಿಂದ ಸಂಗ್ರಹಿಸಿದ ಹಳೆಯ ಕಾರುಗಳನ್ನು ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಸಂಗ್ರಹಾಲಯದಲ್ಲಿ ನೋಡಿ ಸಂತೋಷಪಟ್ಟಿದ್ದೇನೆ. ಇತಿಹಾಸ ಉಳಿಯಲು ಅಂಥ ಸ್ಥಳಗಳು ಬೇಕೇ ಬೇಕು. ನಾನು ಮಾತ್ರ ಓಡಿಸುತ್ತೇನೆಂದು ಮಾತು ಕೊಟ್ಟವನು. ಆದ್ದರಿಂದ ಐದೈದು ವರ್ಷದ ನವೀಕರಣವೇ ನನಗೆ ಸರಿ.

ಈ ಕೆಲಸದಿಂದ ನಾನು ಕಲಿತದ್ದನ್ನು ಮೂರು ಮಾತಿನಲ್ಲಿ ಹೇಳಬಹುದು. ಪರರಿಗೆ ಅಪಾಯ ತರುವುದು ಎಷ್ಟೇ ಹಳೆಯದಾದರೂ, ಎಷ್ಟೇ ಪ್ರಿಯವಾದರೂ ಬದಲಾಗಬೇಕು. ಯಾವುದರಿಂದ ಆ ವಸ್ತು ಆ ವಸ್ತುವಾಗಿದೆಯೋ ಅದು ಉಳಿಯಬೇಕು. ನಮ್ಮ ಬೆಡಗಿಗಾಗಿ ಮಾತ್ರ ಬೇಕೆನಿಸುವುದು ಪಟ್ಟಿಯಲ್ಲಿಯೇ ಉಳಿಯಬೇಕು. ಹಳೆಯ ಮನೆಯನ್ನು ರಿಪೇರಿ ಮಾಡುವವರಿಗೆ, ತಂದೆಯ ಅಂಗಡಿಯನ್ನು ಮುಂದುವರಿಸುವವರಿಗೆ, ಮನೆತನದ ಆಚರಣೆಗಳನ್ನು ಮಕ್ಕಳಿಗೆ ಒಪ್ಪಿಸುವವರಿಗೆ ಈ ಮೂರು ಮಾತುಗಳು ಉಪಯೋಗಕ್ಕೆ ಬಂದಾವು.

ಸಾಹೇಬರು ಈಗ ಗ್ಯಾರೇಜಿಗೆ ಬರುವುದು ಅಪರೂಪ. ಕಾರಿನ ಸರ್ವಿಸ್ ಆ ಹುಡುಗನದು. ಏನನ್ನು, ಯಾವ ದಿನ, ಯಾವ ಕಾರಣಕ್ಕಾಗಿ ಬದಲಿಸಿದೆವೆಂಬುದನ್ನು ಒಂದು ನೋಟುಪುಸ್ತಕದಲ್ಲಿ ಬರೆದು ಕಾರಿನಲ್ಲಿಯೇ ಇಟ್ಟಿದ್ದೇನೆ. ತೆಗೆದ ಡೈನಮೋವನ್ನು ಗುಜರಿಗೆ ಹಾಕಿಲ್ಲ, ಎಣ್ಣೆ ಸವರಿ ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ನನ್ನ ನಂತರ ಈ ಕಾರು ಯಾರ ಕೈ ಸೇರುವುದೋ, ನನ್ನ ತೀರ್ಮಾನ ಅವರಿಗೆ ಒಪ್ಪಿಗೆಯಾಗದಿದ್ದರೆ ಹಿಂದಿನಂತೆ ಮಾಡಿಕೊಳ್ಳುವ ದಾರಿ ಅವರಿಗೂ ಇರಲಿ.